ಗ್ರಾಮೀಣ ಆಸ್ಪತ್ರೆ ಸಿಬ್ಬಂದಿಯ ಆನ್‌ಲೈನ್ ತರಬೇತಿ

ಹಳ್ಳಿ, ಹೋಬಳಿ ಮತ್ತು ಸಣ್ಣ ಪಟ್ಟಣಗಳ ಆಸ್ಪತ್ರೆಗಳಿಗೆ ಹೊಸದಾಗಿ ಬಂದ ವೈದ್ಯರು, ಸ್ಟಾಫ್ ನರ್ಸುಗಳು, ಫಾರ್ಮಾಸಿಸ್ಟ್, ಲ್ಯಾಬ್ ಟೆಕ್ನಿಷಿಯನ್ ಹಾಗೂ ಡಿ ಗ್ರೂಪ್ ನೌಕರರನ್ನು ಅಂತರ್ಜಾಲದ ಮೂಲಕ ಕೆಲಸಕ್ಕೆ ಅಣಿಗೊಳಿಸುವ, ಬಂದವರು ಬೇಗ ಬಿಟ್ಟುಹೋಗದಂತೆ ಅವರ ಕಲಿಕೆಯನ್ನು ಮುಂದುವರಿಸುವ ವ್ಯವಸ್ಥೆ. ಧ್ವನಿಮುದ್ರಿತ ಪಾಠ, ವಿಡಿಯೋ ಸಂವಾದ, ಮೊಬೈಲ್ ಆ್ಯಪ್, ದೂರದ ತಜ್ಞರೊಡನೆ ವಾರ ವಾರವೂ ನಡೆಯುವ ರೋಗಿ ಚರ್ಚೆ ಇವೆಲ್ಲ ಇದರ ರೂಪಗಳು. ಇದಕ್ಕೆ ಎರಡು ಗುರಿಗಳಿವೆ. ಹೊಸಬರು ಮೊದಲ ದಿನದಿಂದಲೇ ತಪ್ಪಿಲ್ಲದೆ ಕೆಲಸ ಮಾಡಬೇಕು ಎಂಬುದು ಒಂದು, ಹಳಬರು ಊರು ಬಿಡದೆ ಬೆಳೆಯಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಪಾಠಗಳಿಂದ ಬಹುಮಟ್ಟಿಗೆ ಸಾಧಿಸಬಹುದು. ಎರಡನೆಯದಕ್ಕೆ ಪಾಠದ ಹಿಂದೆ ನಿಲ್ಲುವ ಮನುಷ್ಯರೂ ಆಡಳಿತವೂ ಬೇಕು.

ಹಿನ್ನೆಲೆ

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಹೊರತಂದ ಶಿಫಾರಸುಗಳ ಪ್ರಕಾರ ಜಗತ್ತಿನ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಗ್ರಾಮೀಣರು. ಅವರ ಪಾಲಿಗೆ ಸಿಗುತ್ತಿದ್ದವರು ನರ್ಸುಗಳಲ್ಲಿ ಶೇ. 38 ಮಂದಿ, ವೈದ್ಯರಲ್ಲಿ ಶೇ. 25ಕ್ಕೂ ಕಡಿಮೆ. 2011ರ ಜನಗಣತಿಯಂತೆ ಭಾರತದ ಜನಸಂಖ್ಯೆಯಲ್ಲಿ ಶೇ. 68.8, ಕರ್ನಾಟಕದಲ್ಲಿ ಶೇ. 61.3 ಭಾಗ ಹಳ್ಳಿಗಳದ್ದು. 30 ಹಾಸಿಗೆಗಳ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶಸ್ತ್ರವೈದ್ಯ, ಫಿಜಿಷಿಯನ್, ಪ್ರಸೂತಿ ತಜ್ಞ, ಮಕ್ಕಳ ತಜ್ಞ ಎಂದು ನಾಲ್ವರು ಇರಬೇಕು. 2021-22ರ ಸರ್ಕಾರಿ ಅಂಕಿಅಂಶಗಳಲ್ಲಿ ದೇಶದ ಗ್ರಾಮೀಣ ಸಮುದಾಯ ಆರೋಗ್ಯ ಕೇಂದ್ರಗಳ ತಜ್ಞರ ಕೊರತೆ ಶೇ. 80ರ ಆಸುಪಾಸಿನಲ್ಲಿತ್ತು.

ಸಿಬ್ಬಂದಿ ಹಳ್ಳಿಯಲ್ಲಿ ನಿಲ್ಲದಿರಲು ಸಂಬಳ ಒಂದೇ ಕಾರಣವಲ್ಲ. ಸೋರುವ ಕ್ವಾರ್ಟರ್ಸ್, ಮಕ್ಕಳ ಶಾಲೆ, ಗಂಡನದೋ ಹೆಂಡತಿಯದೋ ಬೇರೆ ಊರಿನ ನೌಕರಿ, ವರ್ಷ ವರ್ಷವೂ ನವೀಕರಣಕ್ಕೆ ಕಾಯಬೇಕಾದ ಗುತ್ತಿಗೆ ಎಲ್ಲವೂ ಸೇರುತ್ತವೆ. ಇವುಗಳ ಜೊತೆಗೆ ವೃತ್ತಿಯ ಒಂಟಿತನವೂ ಇದೆ. ಕಷ್ಟದ ಕೇಸು ಬಂದಾಗ ಕೇಳಲು ಹಿರಿಯರಿಲ್ಲ, ಕಾಲೇಜಿನಲ್ಲಿ ಕಲಿತದ್ದು ಬಳಕೆಯಿಲ್ಲದೆ ತುಕ್ಕು ಹಿಡಿಯುತ್ತದೆ, ಜೊತೆಗೆ ಓದಿದವರು ಪಟ್ಟಣದಲ್ಲಿ ಮುಂದೆ ಹೋಗುತ್ತಿದ್ದಾರೆ. ಆನ್‌ಲೈನ್ ತರಬೇತಿ ಮುಟ್ಟಬಲ್ಲದ್ದು ಮುಖ್ಯವಾಗಿ ಈ ಕಾರಣವನ್ನು.

ತರಬೇತಿಗಾಗಿ ಜಿಲ್ಲಾ ಕೇಂದ್ರಕ್ಕೆ ಕರೆಸುವ ಹಳೆಯ ಪದ್ಧತಿಗೂ ಒಂದು ತೊಡಕಿದೆ. ಮೂವರು ಸ್ಟಾಫ್ ನರ್ಸುಗಳಿರುವ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಬ್ಬರು ಮೂರು ದಿನದ ತರಬೇತಿಗೆ ಹೊರಟರೆ ಉಳಿದಿಬ್ಬರು ಹಗಲು ರಾತ್ರಿಯನ್ನು ಹನ್ನೆರಡು ಹನ್ನೆರಡು ಗಂಟೆಯಂತೆ ಹಂಚಿಕೊಳ್ಳಬೇಕು. ಅವರಲ್ಲೊಬ್ಬರು ರಜೆಯಲ್ಲಿದ್ದರೆ ಹೆರಿಗೆ ಕೋಣೆಗೆ ಬೀಗ ಬೀಳುತ್ತದೆ. ಹಾಗಾಗಿ ತರಬೇತಿ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಕಳಿಸಲಾಗದ ಸ್ಥಿತಿ ಹುಟ್ಟುತ್ತದೆ.

ಇತಿಹಾಸ

ದೂರದಿಂದ ಕಲಿಸುವ ಯತ್ನಗಳು ಅಂತರ್ಜಾಲಕ್ಕಿಂತ ಹಳೆಯವು. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ 1951ರಲ್ಲಿ ಆರಂಭವಾದ 'ಸ್ಕೂಲ್ ಆಫ್ ದಿ ಏರ್' ಮರುಭೂಮಿಯ ಒಂಟಿ ಮನೆಗಳ ಮಕ್ಕಳಿಗೆ ಪಾಠ ಮುಟ್ಟಿಸಿದ್ದು ಹಾರುವ ವೈದ್ಯರ ಸೇವೆಯ ರೇಡಿಯೋ ಜಾಲದ ಮೂಲಕ. ಆ ಬಗೆಯ ರೇಡಿಯೋ ಶಾಲೆಯಲ್ಲೇ ಓದಿದ ಮಾರ್ಟಿನ್ ಡೂಗಿಯಾಮಸ್ ಮುಂದೆ 'ಮೂಡಲ್' ಎಂಬ ಮುಕ್ತ ಕಲಿಕಾ ತಂತ್ರಾಂಶವನ್ನು ರೂಪಿಸಿ 2002ರಲ್ಲಿ ಬಿಡುಗಡೆ ಮಾಡಿದರು. ವೈದ್ಯರ ರೇಡಿಯೋದಲ್ಲಿ ಪಾಠ ಕೇಳಿ ಬೆಳೆದ ಹುಡುಗ ಕಟ್ಟಿದ ತಂತ್ರಾಂಶವನ್ನು ಇಂದು ಅನೇಕ ದೇಶಗಳ ವೈದ್ಯಕೀಯ ಮತ್ತು ನರ್ಸಿಂಗ್ ಸಂಸ್ಥೆಗಳು ಬಳಸುತ್ತವೆ.

ಅಮೆರಿಕದ ನೆಬ್ರಾಸ್ಕ ಮನೋವೈದ್ಯ ಸಂಸ್ಥೆ 1964ರಲ್ಲಿ ಸುಮಾರು 180 ಕಿ.ಮೀ. ದೂರದ ನಾರ್‌ಫೋಕ್ ಸರ್ಕಾರಿ ಆಸ್ಪತ್ರೆಗೆ ಎರಡೂ ಕಡೆಯವರು ಪರಸ್ಪರ ನೋಡಿ ಮಾತಾಡಬಹುದಾದ ಟೆಲಿವಿಷನ್ ಸಂಪರ್ಕ ಕಲ್ಪಿಸಿ, ರೋಗಿಗಳ ಸಮಾಲೋಚನೆಗೂ ಸಿಬ್ಬಂದಿಯ ತರಬೇತಿಗೂ ಬಳಸಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಮೆಮೋರಿಯಲ್ ವಿಶ್ವವಿದ್ಯಾಲಯ 1970ರ ದಶಕದಲ್ಲಿ ದೂರದ ಆಸ್ಪತ್ರೆಗಳಿಗೆ ಉಪಗ್ರಹ ಮತ್ತು ದೂರವಾಣಿ ಮೂಲಕ ಪಾಠ ಒಯ್ದಿತು. ಕೆಂಟಕಿಯ ಗುಡ್ಡಗಾಡಿನಲ್ಲಿ 1925ರಲ್ಲಿ ಮೇರಿ ಬ್ರೆಕಿನ್‌ರಿಜ್ ಸ್ಥಾಪಿಸಿದ್ದು ಕುದುರೆಯೇರಿ ಬಾಣಂತಿಯರ ಮನೆಗೆ ಹೋಗುತ್ತಿದ್ದ ನರ್ಸುಗಳ ಸಂಸ್ಥೆ. ಅದರ ಶಾಲೆ 1989ರಲ್ಲಿ ದೂರಶಿಕ್ಷಣದ ಸೂಲಗಿತ್ತಿ-ನರ್ಸ್ ತರಬೇತಿ ಆರಂಭಿಸಿತು. ಓದುವವರು ತಮ್ಮೂರಿನಲ್ಲೇ ಇದ್ದು, ಅಲ್ಲಿಯ ಹಿರಿಯ ವೃತ್ತಿನಿರತರ ಕೈಕೆಳಗೆ ಹೆರಿಗೆ ಮಾಡಿಸುವುದನ್ನು ಕಲಿಯುವುದು ಅದರ ಕ್ರಮ.

ಭಾರತದಲ್ಲಿ 1975-76ರ 'ಸೈಟ್' ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಉಪಗ್ರಹ ಟೆಲಿವಿಷನ್ ತಂದಿತು. ಕರ್ನಾಟಕದಿಂದ ಆಯ್ಕೆಯಾಗಿದ್ದವು ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಆರೋಗ್ಯ, ಬೇಸಾಯದ ಕಾರ್ಯಕ್ರಮಗಳು ಊರ ಜನರಿಗಾಗಿ ಪ್ರಸಾರವಾಗುತ್ತಿದ್ದವು, ಶಾಲಾ ಶಿಕ್ಷಕರ ತರಬೇತಿಯೂ ಅದರಲ್ಲೇ ನಡೆಯಿತು. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಹಾರಿತು. ಇದಕ್ಕೂ ಮೊದಲೇ ಇಸ್ರೋ ನೆರವಿನಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳು ಬೆಂಗಳೂರಿನ ನಾರಾಯಣ ಹೃದಯಾಲಯದೊಡನೆ ಉಪಗ್ರಹ ಸಂಪರ್ಕ ಪಡೆದಿದ್ದವು.

ಹೊಸಬರ ಸೇರ್ಪಡೆ

ದೊಡ್ಡ ಆಸ್ಪತ್ರೆಯಲ್ಲಿ ಹೊಸ ನರ್ಸ್ ಕೆಲವು ವಾರ ಹಿರಿಯರ ಹಿಂದೆ ಓಡಾಡಿ ಕಲಿಯುತ್ತಾರೆ. ಹಳ್ಳಿಯಲ್ಲಿ ಬೆಳಗ್ಗೆ ವರದಿ ಮಾಡಿಕೊಂಡವರಿಗೆ ಅದೇ ರಾತ್ರಿ ನೈಟ್ ಡ್ಯೂಟಿ ಬೀಳುವುದುಂಟು. ಕೀ ಗೊಂಚಲು, ರಿಜಿಸ್ಟರುಗಳು, ಆ್ಯಂಬುಲೆನ್ಸ್ ಚಾಲಕನ ನಂಬರ್ ಇಷ್ಟೇ ಕೈಗೆ ಬರುವ ಚಾರ್ಜು. ಆದ್ದರಿಂದ ಸೇರ್ಪಡೆ ತರಬೇತಿಯನ್ನು ಮೂರು ಹಂತಗಳಲ್ಲಿ ಹರಡುವುದು ಲೇಸು: ನೇಮಕದ ಆದೇಶ ಕೈಸೇರಿದ ಮೇಲೆ ಕೆಲಸಕ್ಕೆ ಹಾಜರಾಗುವುದರೊಳಗೆ ನೋಡಬಹುದಾದ ಪಾಠಗಳು, ಮೊದಲ ವಾರದಲ್ಲಿ ಕಡ್ಡಾಯವಾಗಿ ಮುಗಿಸಬೇಕಾದ ಸುರಕ್ಷತಾ ಪಾಠಗಳು, ಮುಂದಿನ ಮೂರು ತಿಂಗಳಲ್ಲಿ ಕೆಲಸದ ಜೊತೆಜೊತೆಗೆ ಸಾಗುವ ವೃತ್ತಿ ಪಾಠಗಳು.

ಸುರಕ್ಷತಾ ಪಾಠಗಳಲ್ಲಿ ಕೆಲವು ಕಾನೂನಿನ ಕಟ್ಟಳೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ಸಿಬ್ಬಂದಿಗೆ ತರಬೇತಿ ಕೊಡಲೇಬೇಕು. ರಕ್ತ ಹತ್ತಿದ ಹತ್ತಿ ಹಳದಿ ಚೀಲಕ್ಕೆ, ಬಳಸಿದ ಐವಿ ಸೆಟ್ಟು ಕೆಂಪಿಗೆ, ಸೂಜಿ ಬಿಳಿಯ ಚುಚ್ಚುನಿರೋಧಕ ಡಬ್ಬಿಗೆ, ಒಡೆದ ಗಾಜಿನ ವಯಲ್ ನೀಲಿಗೆ ಎಂಬ ಪಾಠವನ್ನು ಚಿತ್ರ ತೋರಿಸಿ, ಪ್ರಶ್ನೆ ಕೇಳಿ ಹತ್ತು ನಿಮಿಷದಲ್ಲಿ ಮುಗಿಸಬಹುದು. ಯಾರು, ಯಾವಾಗ ಮುಗಿಸಿದರು ಎಂಬ ದಾಖಲೆಯೂ ತಾನಾಗಿ ಉಳಿಯುವುದರಿಂದ 2015ರಲ್ಲಿ ಆರಂಭವಾದ ಕಾಯಕಲ್ಪ ಪ್ರಶಸ್ತಿಯಂಥ ಪರಿಶೀಲನೆಗಳಿಗೂ ಅನುಕೂಲ. ಅಮೆರಿಕದಲ್ಲೂ ರಕ್ತದಿಂದ ಹರಡುವ ರೋಗಗಳ ಕುರಿತ 1991ರ ನಿಯಮ ಕೆಲಸದ ಆರಂಭದಲ್ಲಿ ಮತ್ತು ವರ್ಷ ವರ್ಷವೂ ತರಬೇತಿ ಕೊಡಬೇಕೆನ್ನುತ್ತದೆ. ಅಲ್ಲಿ 1997ರ ಕಾಯಿದೆಯಿಂದ ಹುಟ್ಟಿದ, 25 ಹಾಸಿಗೆ ಮೀರದ 1,300ಕ್ಕೂ ಹೆಚ್ಚು 'ಕ್ರಿಟಿಕಲ್ ಆಕ್ಸೆಸ್' ಆಸ್ಪತ್ರೆಗಳಿವೆ. ಪ್ರತ್ಯೇಕ ತರಬೇತಿ ವಿಭಾಗ ಇಟ್ಟುಕೊಳ್ಳಲಾಗದ ಇಂಥ ಸಣ್ಣ ಆಸ್ಪತ್ರೆಗಳಿಗೆ ಸಿದ್ಧ ಆನ್‌ಲೈನ್ ಪಾಠಗಳು ಅಗ್ಗದ ದಾರಿ.

ಯಾವುದನ್ನು ಪರದೆಯ ಮೇಲೆ ಕಲಿಸಬಹುದು, ಯಾವುದನ್ನು ಆಗದು ಎಂಬುದಕ್ಕೆ ಒಂದೇ ಕೇಂದ್ರದ ಎರಡು ಕೆಲಸಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬಹುದು. ಲಸಿಕೆಯ ವಯಲ್ ಮೇಲೆ ಒಂದು ವೃತ್ತ, ಅದರೊಳಗೆ ಒಂದು ಚೌಕವಿರುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ವೃತ್ತದಷ್ಟೇ ಅಥವಾ ಅದಕ್ಕಿಂತ ಕಪ್ಪಾಗಿದ್ದರೆ ಶಾಖ ತಗಲಿ ಕೆಟ್ಟಿದೆ ಎಂದರ್ಥ. ಲಸಿಕೆಯ ಫ್ರಿಜ್ಜಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು, ಅದನ್ನು ದಿನಕ್ಕೆರಡು ಸಲ ಬರೆದಿಡಬೇಕು. ಇದು ಕಣ್ಣಿನ ಕೆಲಸ. ಚಿತ್ರ ಚೆನ್ನಾಗಿದ್ದರೆ ಮೊಬೈಲಿನಲ್ಲೇ ಕಲಿಯಬಹುದು. ಹುಟ್ಟಿದ ಕೂಸು ಅಳದಿದ್ದಾಗ ಆಂಬು ಬ್ಯಾಗು ಒತ್ತುವುದು ಕೈಯ ಕೆಲಸ. ಮಾಸ್ಕು ಮೂಗುಬಾಯಿಯನ್ನು ಬಿಗಿಯಾಗಿ ಮುಚ್ಚಿದೆಯೇ, ಎದೆ ಮೇಲೇಳುತ್ತಿದೆಯೇ ಎಂಬುದು ಬೊಂಬೆಯ ಮೇಲೆ ಹತ್ತಾರು ಸಲ ಮಾಡಿದಾಗಲೇ ಕೈಗೆ ಹತ್ತುತ್ತದೆ. ಅದಕ್ಕೆ ಸಿಗುವ ಕಾಲ ಹುಟ್ಟಿದ ಮೇಲಿನ ಒಂದು ನಿಮಿಷ. ಭಾರತದಲ್ಲಿ 2009ರಲ್ಲಿ ಆರಂಭವಾದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ ಬೊಂಬೆ ಇಟ್ಟುಕೊಂಡೇ ಕಲಿಸುವುದು ಇದೇ ಕಾರಣಕ್ಕೆ.

ಕಲಿಸುವ ಬಗೆಗಳು

ತಮ್ಮ ಬಿಡುವಿನಲ್ಲಿ ನೋಡುವ ಪಾಠ ಎಲ್ಲಕ್ಕಿಂತ ಅಗ್ಗ. ಅರ್ಧಕ್ಕೇ ಬಿಟ್ಟುಬಿಡುವುದೂ ಇದರಲ್ಲೇ ಸುಲಭ. ನೇರ ತರಗತಿಯಲ್ಲಿ ಪ್ರಶ್ನೆ ಕೇಳಬಹುದು, ಆದರೆ ಹೊರರೋಗಿ ವಿಭಾಗ ತುಂಬಿರುವ ಹೊತ್ತಿಗೆ ತರಗತಿ ಇಟ್ಟರೆ ಹಾಜರಿ ಹೆಸರಿಗಷ್ಟೇ. ಮೊಬೈಲ್ ಆ್ಯಪ್‌ಗಳ ಬಲವಿರುವುದು ನೆಟ್‌ವರ್ಕ್ ಇಲ್ಲದೆಡೆ ನಡೆಯುವುದರಲ್ಲಿ. ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಷನ್ ಎರಡು ವಿಶ್ವವಿದ್ಯಾಲಯಗಳ ಜೊತೆಗೂಡಿ ರೂಪಿಸಿದ 'ಸೇಫ್ ಡೆಲಿವರಿ' ಆ್ಯಪನ್ನು ಒಮ್ಮೆ ಇಳಿಸಿಕೊಂಡರೆ ಹೆರಿಗೆಯ ನಂತರದ ರಕ್ತಸ್ರಾವ, ನಂಜು, ಅಳದ ಕೂಸಿನ ಆರೈಕೆ ಮುಂತಾದವುಗಳ ಚಿತ್ರಪಾಠಗಳನ್ನು ಅಂತರ್ಜಾಲವಿಲ್ಲದೆ ನೋಡಬಹುದು. ನಾಲ್ಕನೆಯದು ಮಿಶ್ರ ಕ್ರಮ: ಓದು ಆನ್‌ಲೈನಿನಲ್ಲಿ, ಕೈಕೆಲಸ ಜಿಲ್ಲಾ ಆಸ್ಪತ್ರೆಯಲ್ಲಿ. ನರ್ಸುಗಳನ್ನು ಸಮುದಾಯ ಆರೋಗ್ಯ ಅಧಿಕಾರಿಗಳನ್ನಾಗಿಸುವ ಇಗ್ನೋದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸು ದೂರಶಿಕ್ಷಣದ ಓದಿನೊಂದಿಗೆ ಆಸ್ಪತ್ರೆಯ ಪ್ರತ್ಯಕ್ಷ ಕಲಿಕೆಯನ್ನು ಹೆಣೆದದ್ದು ಹೀಗೆ.

ಭಾಷೆಯ ಆಯ್ಕೆ ಸಣ್ಣ ವಿಷಯವಲ್ಲ. ಇಂಗ್ಲಿಷಿನಲ್ಲಿ ನರ್ಸಿಂಗ್ ಓದಿದವರಿಗೂ ರೋಗಿ ಹೇಳುವ 'ಕೈಕಾಲು ಜೋಮು', 'ಬಿಳಿ ಸೆರಗು', 'ಎದೆ ಹೊಡ್ಕೊಳ್ತದೆ' ಎಂಬ ಮಾತುಗಳನ್ನು ರೋಗಲಕ್ಷಣಗಳಿಗೆ ಹೊಂದಿಸಿಕೊಳ್ಳಲು ಕಲಿಕೆ ಬೇಕು. ಹೊರ ರಾಜ್ಯದಿಂದ ಬಂದವರಿಗಂತೂ ಇದು ಮೊದಲ ಪಾಠವಾಗಬೇಕು. ಡಿ ಗ್ರೂಪ್ ನೌಕರರ ಪಾಠಕ್ಕೆ ಊರಿನ ಕನ್ನಡ ಬಿಟ್ಟರೆ ದಾರಿಯಿಲ್ಲ.

ಇಕೋ ಮಾದರಿ

ದೂರದ ತಜ್ಞರನ್ನು ಹಳ್ಳಿಯ ವೈದ್ಯರೊಂದಿಗೆ ಬೆಸೆಯುವ ಕ್ರಮಗಳಲ್ಲಿ ಹೆಸರಾದದ್ದು 'ಪ್ರಾಜೆಕ್ಟ್ ಇಕೋ'. ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ಯಕೃತ್ತಿನ ತಜ್ಞ, ಭಾರತ ಮೂಲದ ಸಂಜೀವ್ ಅರೋರಾ ಇದನ್ನು 2003ರಲ್ಲಿ ಆರಂಭಿಸಿದರು. ಆಲ್ಬುಕರ್ಕಿಯ ಅವರ ಕ್ಲಿನಿಕ್ಕಿನಲ್ಲಿ ಹೆಪಟೈಟಿಸ್ ಸಿ ರೋಗಿಗಳು ಎಂಟು ತಿಂಗಳವರೆಗೆ ಸರದಿ ಕಾಯಬೇಕಿತ್ತು. ರೋಗಿಗಳನ್ನು ಪಟ್ಟಣಕ್ಕೆ ಕರೆಸುವ ಬದಲು ಹಳ್ಳಿಯ ವೈದ್ಯರಿಗೇ ಚಿಕಿತ್ಸೆ ಕಲಿಸುವುದು ಅವರ ಯೋಚನೆ.

ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಹಲವು ಊರುಗಳ ವೈದ್ಯರು, ನರ್ಸುಗಳು ಒಂದೇ ವಿಡಿಯೋ ಸಭೆಗೆ ಬರುತ್ತಾರೆ. ಒಬ್ಬರು ತಮ್ಮ ರೋಗಿಯ ವಿವರವನ್ನು ಹೆಸರು ಹೇಳದೆ ಮುಂದಿಡುತ್ತಾರೆ. ಮೊದಲು ಉಳಿದ ಊರಿನವರು ಪ್ರಶ್ನೆ ಕೇಳುತ್ತಾರೆ, ಆಮೇಲೆ ತಜ್ಞರು ಸಲಹೆ ಕೊಡುತ್ತಾರೆ, ನಡುವೆ ಒಂದು ಕಿರು ಉಪನ್ಯಾಸವಿರುತ್ತದೆ. ರೋಗಿ ಮಾತ್ರ ತನ್ನೂರಿನ ವೈದ್ಯರ ಕೈಯಲ್ಲೇ ಉಳಿಯುತ್ತಾನೆ. ಒಬ್ಬರ ಕೇಸು ಹತ್ತು ಜನರಿಗೆ ಪಾಠವಾಗುತ್ತದೆ, ಒಂಟಿಯಾಗಿದ್ದವರಿಗೆ ವಾರಕ್ಕೊಮ್ಮೆ ಸಂಗಾತಿಗಳು ಸಿಗುತ್ತಾರೆ.

2011ರಲ್ಲಿ ಪ್ರಕಟವಾದ ಅಧ್ಯಯನ 407 ರೋಗಿಗಳನ್ನು ಹೋಲಿಸಿತು. ವಿಶ್ವವಿದ್ಯಾಲಯದ ಕ್ಲಿನಿಕ್ಕಿನಲ್ಲಿ ಶೇ. 57.5, ಹಳ್ಳಿಗಳೂ ಸೆರೆಮನೆಗಳೂ ಸೇರಿದ 21 ಇಕೋ ಕೇಂದ್ರಗಳಲ್ಲಿ ಶೇ. 58.2 ರೋಗಿಗಳಲ್ಲಿ ವೈರಾಣು ನಿರ್ಮೂಲವಾಗಿತ್ತು. ಸರಿಯಾದ ಬೆಂಬಲವಿದ್ದರೆ ಹಳ್ಳಿಯ ವೈದ್ಯ ತಜ್ಞನಿಗೆ ಸಮನಾಗಿ ಚಿಕಿತ್ಸೆ ಕೊಡಬಲ್ಲ ಎಂಬುದಕ್ಕೆ ಇದು ಸಾಕ್ಷಿಯಾಯಿತು. ಕರ್ನಾಟಕಕ್ಕೆ ಈ ಕ್ರಮ ಬಂದದ್ದು ಬೆಂಗಳೂರಿನ ನಿಮ್ಹಾನ್ಸ್ ಮೂಲಕ. ಅದು ತನ್ನ 'ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್' ಅಡಿಯಲ್ಲಿ ಮಾನಸಿಕ ಕಾಯಿಲೆ, ಮದ್ಯ ಮತ್ತು ಮಾದಕ ವ್ಯಸನಗಳ ಚಿಕಿತ್ಸೆಯನ್ನು ಬೇರೆ ರಾಜ್ಯಗಳ ಸಿಬ್ಬಂದಿಗೂ ಕಲಿಸಿತು. ಛತ್ತೀಸ್‌ಗಢದ ಹಿಂದುಳಿದ ಜಿಲ್ಲೆಗಳ ಆಪ್ತಸಮಾಲೋಚಕರು ಹೀಗೆ ಕಲಿತವರಲ್ಲಿ ಸೇರಿದ್ದಾರೆ.

ಉಳಿಸಿಕೊಳ್ಳುವಲ್ಲಿ ಪಾತ್ರ

ವಿಶ್ವ ಆರೋಗ್ಯ ಸಂಸ್ಥೆ 2010ರ ಶಿಫಾರಸುಗಳನ್ನು ಶಿಕ್ಷಣ, ಕಾನೂನು, ಹಣದ ನೆರವು, ವೃತ್ತಿ ಮತ್ತು ಬದುಕಿನ ಬೆಂಬಲ ಎಂದು ನಾಲ್ಕು ಗುಂಪು ಮಾಡಿತ್ತು. 2021ರ ಪರಿಷ್ಕೃತ ಮಾರ್ಗಸೂಚಿಯಲ್ಲೂ ಗ್ರಾಮೀಣ ಸಿಬ್ಬಂದಿಗೆ ಅವರಿರುವಲ್ಲೇ ಮುಂದುವರಿದ ಶಿಕ್ಷಣ ಸಿಗಬೇಕೆಂಬ ಮಾತಿದೆ. ತರಬೇತಿ ಅನೇಕ ಎಳೆಗಳ ಹಗ್ಗದಲ್ಲಿ ಒಂದು ಎಳೆ ಮಾತ್ರ.

ಕೆನ್ಯಾದ ಉದಾಹರಣೆ ಗಮನಾರ್ಹ. ಅಲ್ಲಿಯ ನರ್ಸುಗಳಲ್ಲಿ ಆಗ ಬಹುಪಾಲು ಸರ್ಟಿಫಿಕೇಟ್ ಮಟ್ಟದವರಾಗಿದ್ದರು. ಅವರನ್ನು ಡಿಪ್ಲೊಮಾ ಮಟ್ಟಕ್ಕೇರಿಸಲು ಇದ್ದ ಕಾಲೇಜುಗಳು ಸಾಲುತ್ತಿರಲಿಲ್ಲ. ಕಾಲೇಜಿಗೆ ಕರೆದರೆ ಆಸ್ಪತ್ರೆಗಳು ಬರಿದಾಗುತ್ತಿದ್ದವು. ಆಮ್ರೆಫ್ ಸಂಸ್ಥೆ ಕೆನ್ಯಾದ ನರ್ಸಿಂಗ್ ಕೌನ್ಸಿಲಿನ ಜೊತೆಗೂಡಿ 2005ರಲ್ಲಿ ಆನ್‌ಲೈನ್ ಡಿಪ್ಲೊಮಾ ಆರಂಭಿಸಿತು. ನರ್ಸುಗಳು ಡ್ಯೂಟಿ ಬಿಡದೆ, ಹತ್ತಿರದ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಓದಿ ಮೇಲ್ದರ್ಜೆಗೇರಿದರು. ಇಲ್ಲಿ ಸಿಕ್ಕದ್ದು ವೃತ್ತಿ ಮಂಡಳಿ ಒಪ್ಪಿದ, ಹುದ್ದೆಯನ್ನು ಮೇಲೇರಿಸುವ ಅರ್ಹತೆ. ಬರಿಯ ಹಾಜರಾತಿ ಪತ್ರಕ್ಕೆ ಆ ಬೆಲೆಯಿಲ್ಲ.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ದೂರದ ಮಿಷನ್ ಆಸ್ಪತ್ರೆಗಳಲ್ಲಿ ಸೇವಾ ಕರಾರಿನ ವರ್ಷಗಳನ್ನು ಕಳೆಯುವ ತನ್ನ ಎಳೆಯ ವೈದ್ಯರಿಗಾಗಿ ದೂರಶಿಕ್ಷಣದ ಫೆಲೋಶಿಪ್ ರೂಪಿಸಿತು. ಕುಟುಂಬ ವೈದ್ಯರಿಗಾಗಿ ಅದು ನಡೆಸುವ ಡಿಪ್ಲೊಮಾದ ಸಾರವಿಷ್ಟು: ರೋಗಿಯನ್ನು ಬೇರೆಡೆಗೆ ಸಾಗಹಾಕುವುದು ಕಡಿಮೆಯಾಗಲಿ, ಇದ್ದಲ್ಲೇ ಗುಣಪಡಿಸುವುದು ಹೆಚ್ಚಲಿ. ಆಸ್ಟ್ರೇಲಿಯಾದಲ್ಲಿ 1983ರಲ್ಲಿ ಹುಟ್ಟಿ ಈಗ ಕ್ರಾನಾಪ್ಲಸ್ ಎನಿಸಿರುವ ದೂರಪ್ರದೇಶದ ನರ್ಸುಗಳ ಸಂಘಟನೆ ಆನ್‌ಲೈನ್ ಪಾಠ, ಮುಖಾಮುಖಿ ಶಿಬಿರ ಎರಡನ್ನೂ ನಡೆಸುತ್ತದೆ; ಒಂಟಿತನದಿಂದ ಬಳಲುವವರಿಗೆ ದೂರವಾಣಿಯ ಆಪ್ತಸಲಹೆಯನ್ನೂ ಕೊಡುತ್ತದೆ.

ಭಾರತದಲ್ಲಿ ನೋಂದಣಿ ನವೀಕರಣಕ್ಕೆ ನರ್ಸುಗಳು ಐದು ವರ್ಷಗಳಲ್ಲಿ 150 ಗಂಟೆಗಳ ಮುಂದುವರಿದ ಶಿಕ್ಷಣ ಪಡೆಯಬೇಕೆಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ. ಆನ್‌ಲೈನ್ ಪಾಠದ ಗಂಟೆಗಳು ಈ ಲೆಕ್ಕಕ್ಕೆ ಸೇರಿದರೆ ಹಳ್ಳಿಯ ನರ್ಸಿಗೆ ಪಟ್ಟಣದ ಸಮ್ಮೇಳನಕ್ಕೆ ಅಲೆಯುವ ಖರ್ಚು ಉಳಿಯುತ್ತದೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಎಲ್ಲೆಡೆ ಸಲ್ಲುವ ಸರ್ಟಿಫಿಕೇಟು ಹಳ್ಳಿಯಿಂದ ಹೊರಗೆ ಹೋಗುವ ಟಿಕೆಟ್ಟೂ ಆಗಬಹುದು. ಹಾಗಾಗದಂತೆ ಕೆಲವೆಡೆ ಕೋರ್ಸಿನ ಶುಲ್ಕವನ್ನು ಸಂಸ್ಥೆಯೇ ಭರಿಸಿ ಸೇವಾ ಕರಾರು ಪಡೆಯುತ್ತದೆ. ಕರಾರು ಮುಗಿದ ಮೇಲೂ ನಿಲ್ಲುವಂತೆ ಮಾಡುವುದು ಕಲಿತ ಕೆಲಸವನ್ನು ಮಾಡಲು ಸಿಗುವ ಅವಕಾಶ. ಸ್ಕ್ಯಾನಿಂಗ್ ಕಲಿತವರ ಆಸ್ಪತ್ರೆಯಲ್ಲಿ ಯಂತ್ರವೇ ಇಲ್ಲದಿದ್ದರೆ ಕಲಿಕೆಯೇ ಊರು ಬಿಡಲು ನೆಪವಾಗುತ್ತದೆ.

ಭಾರತ ಮತ್ತು ಕರ್ನಾಟಕ

ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ರೋಗ ಗುರುತಿಸುವುದನ್ನು ಕಲಿಸಿತು. ಈ 'ಬಳ್ಳಾರಿ ಮಾದರಿ'ಯ ಮೇಲೆ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಇಂದಿನ ಆನ್‌ಲೈನ್ ಮಾರ್ಗದರ್ಶನ ಅದೇ ಯೋಚನೆಯ ಮುಂದುವರಿಕೆ.

2020ರ ಏಪ್ರಿಲ್‌ನಲ್ಲಿ ಕೋವಿಡ್ ಕೆಲಸಗಾರರಿಗಾಗಿ ಕೇಂದ್ರ ಸರ್ಕಾರ ದೀಕ್ಷಾ ವೇದಿಕೆಯಲ್ಲಿ 'ಐಗಾಟ್' ಪಾಠಗಳನ್ನು ತೆರೆಯಿತು. ಪಿಪಿಇ ತೊಡುವುದು, ಸೋಂಕು ತಡೆ ಮುಂತಾದವು ಲಾಕ್‌ಡೌನಿನ ನಡುವೆಯೂ ಸಿಬ್ಬಂದಿಯನ್ನು ಮುಟ್ಟಿದವು. 2023ರಲ್ಲಿ ರಾಷ್ಟ್ರೀಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆಯ 'ಸಕ್ಷಮ್' ಕಲಿಕಾ ವೇದಿಕೆ ಬಂತು. 2019ರಲ್ಲಿ ಆರಂಭವಾದ ಇ-ಸಂಜೀವಿನಿ ಮೂಲತಃ ಚಿಕಿತ್ಸೆಯ ಜಾಲ. ಆದರೂ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ ರೋಗಿಯ ಪಕ್ಕದಲ್ಲೇ ಕುಳಿತು ವೈದ್ಯರ ಪ್ರಶ್ನೆಗಳನ್ನು ಕೇಳಿಸಿಕೊಳ್ಳುವುದರಿಂದ ದಿನವೂ ಒಂದಿಷ್ಟು ಪಾಠವಾಗುತ್ತದೆ.

ಪರದೆಯಿಲ್ಲದ ಮಾದರಿಯೂ ಇಲ್ಲೇ ಇದೆ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ನಡೆದ 'ಸುಕ್ಷೇಮ' ಯೋಜನೆ ಬಳ್ಳಾರಿ ಮತ್ತು ಕಲಬುರಗಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ತರಬೇತಾದ ನರ್ಸುಗಳನ್ನೇ ಮಾರ್ಗದರ್ಶಕರಾಗಿ ಕಳಿಸಿತು. ಅವರು ಹೆರಿಗೆ ಕೋಣೆಯಲ್ಲಿ ಜೊತೆ ನಿಂತು ಕಲಿಸಿದರು, ಕೇಸ್ ಶೀಟು ಬರೆಯುವುದನ್ನು ತಿದ್ದಿದರು.

ಪರಿಣಾಮ ಮತ್ತು ಮಿತಿಗಳು

ಆರೋಗ್ಯ ವೃತ್ತಿಯವರ ಆನ್‌ಲೈನ್ ಕಲಿಕೆಯ ಬಗ್ಗೆ 2018ರ ಕಾಕ್ರೇನ್ ವಿಮರ್ಶೆ 16 ಪ್ರಯೋಗಗಳ 5,679 ಮಂದಿಯ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಸಾಂಪ್ರದಾಯಿಕ ತರಬೇತಿಗೂ ಇದಕ್ಕೂ ಜ್ಞಾನದಲ್ಲಾಗಲಿ ರೋಗಿಯ ಗುಣದಲ್ಲಾಗಲಿ ವ್ಯತ್ಯಾಸ ಇಲ್ಲ ಅಥವಾ ತೀರ ಕಡಿಮೆ ಎಂಬುದು ಅದರ ತೀರ್ಮಾನ. ಇಥಿಯೋಪಿಯಾದ 73 ಆರೋಗ್ಯ ಕೇಂದ್ರಗಳಲ್ಲಿ 'ಸೇಫ್ ಡೆಲಿವರಿ' ಆ್ಯಪನ್ನು ಪರೀಕ್ಷಿಸಿದಾಗ ಸಿಬ್ಬಂದಿಯ ಜ್ಞಾನ, ಕೌಶಲ ಹೆಚ್ಚಿದವು. ಶಿಶುಮರಣ ಖಚಿತವಾಗಿ ಇಳಿಯಿತೆಂದು ಹೇಳುವಷ್ಟು ಅಂತರ ಕಾಣಲಿಲ್ಲ. ಸಿಬ್ಬಂದಿ ಊರಲ್ಲಿ ಉಳಿಯುತ್ತಾರೆಯೇ ಎಂಬುದರ ಪುರಾವೆ ಇನ್ನೂ ತೆಳು. ಸಂಬಳ, ಮನೆ, ವರ್ಗಾವಣೆಗಳಿಂದ ತರಬೇತಿಯ ಪಾಲನ್ನು ಬೇರ್ಪಡಿಸಿ ಅಳೆಯುವುದು ಕಷ್ಟ.

ಆಚರಣೆಯ ದೋಷಗಳು ಎಲ್ಲೆಡೆ ಒಂದೇ ಬಗೆಯವು. ಕೊನೆಯ ದಿನ ವಿಡಿಯೋವನ್ನು ಓಡಿಸಿಬಿಟ್ಟು ಸರ್ಟಿಫಿಕೇಟ್ ಇಳಿಸಿಕೊಳ್ಳುವುದು, ಒಬ್ಬರ ಉತ್ತರವನ್ನು ಎಲ್ಲರೂ ಒತ್ತುವುದು, ಮೇಲಿನ ಕಚೇರಿ ಮುಗಿಸಿದವರ ಶೇಕಡಾವಾರನ್ನಷ್ಟೇ ಕೇಳುವುದು ಸಾಮಾನ್ಯ. ಸ್ವಂತ ಮೊಬೈಲು, ಸ್ವಂತ ಡೇಟಾ, ಡ್ಯೂಟಿ ಮುಗಿದ ಮೇಲಿನ ಹೊತ್ತು ಇವುಗಳ ಮೇಲೆ ನಿಂತ ತರಬೇತಿ ಮನೆಗೆಲಸವೂ ಹೆಗಲ ಮೇಲಿರುವ ಮಹಿಳಾ ಸಿಬ್ಬಂದಿಗೆ ಇನ್ನೊಂದು ಹೊರೆ. ಮಳೆಗಾಲದಲ್ಲಿ ಮಲೆನಾಡಿನ ಕೇಂದ್ರಗಳಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ.

ಇವುಗಳಿಗೆ ಪರಿಹಾರಗಳು ಗೊತ್ತಿಲ್ಲದವೇನಲ್ಲ: ಕಲಿಕೆಯ ಹೊತ್ತನ್ನು ಡ್ಯೂಟಿಯ ಗಂಟೆಗಳಲ್ಲೇ ಸೇರಿಸುವುದು, ಪ್ರತಿ ಹೊಸಬರಿಗೂ ತಾಲ್ಲೂಕು ಆಸ್ಪತ್ರೆಯ ಒಬ್ಬ ಹಿರಿಯರನ್ನು ಗೊತ್ತುಮಾಡುವುದು, ಕೈಕೆಲಸಕ್ಕೆ ಬೊಂಬೆಯನ್ನೂ ಕಲಿಸುವವರನ್ನೂ ಕೇಂದ್ರಕ್ಕೇ ಕಳಿಸುವುದು, ಮುಗಿಸಿದ ಪಾಠವನ್ನು ಬಡ್ತಿ ಮತ್ತು ನೋಂದಣಿಯ ಲೆಕ್ಕಕ್ಕೆ ಹಿಡಿಯುವುದು. ಮೂವರು ನರ್ಸುಗಳಿರುವ ಆಸ್ಪತ್ರೆಗೆ ನಾಲ್ಕನೆಯವರನ್ನು ಆನ್‌ಲೈನ್ ತರಬೇತಿ ತಂದುಕೊಡಲಾರದು. ಇರುವ ಮೂವರಲ್ಲಿ ಒಬ್ಬರು ಪಾಠಕ್ಕಾಗಿ ಊರು ಬಿಡಬೇಕಾದ ಅಗತ್ಯವನ್ನು ಅದು ತಪ್ಪಿಸುತ್ತದೆ. ನಾಲ್ಕನೆಯವರನ್ನು ನೇಮಿಸುವುದು ಸರ್ಕಾರದ ಕೆಲಸ.